ಸಾಯುವವರನ್ನು ಆರಿಸುವ ಲೆಕ್ಕ

ವಾರ್‌ಹ್ಯಾಮರ್ 40,000 ಆಟದಲ್ಲಿ ಟೈರನಿಡ್ ಪಡೆಗೆ ಲಿಸ್ಟ್, ಅಂದರೆ ಮೇಜಿಗೆ ಇಳಿಸುವ ಯೂನಿಟ್‌ಗಳ (ಒಟ್ಟಿಗೆ ಆಡುವ ಬೊಂಬೆ ಗುಂಪುಗಳ) ಪಟ್ಟಿ ಬರೆಯಲು ಕೂತಾಗ ಪ್ರತಿ ಯೂನಿಟ್‌ ಬಗ್ಗೆಯೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇದು ಸತ್ತರೆ ನನಗೆ ಏನು ಸಿಗುತ್ತದೆ?

ಕೇಳಲು ವಿಚಿತ್ರ ಅನ್ನಿಸಬಹುದು. ಯುದ್ಧದ ಆಟ ಅಂದ ಮೇಲೆ ಯಾವುದು ಎಷ್ಟು ಜೋರಾಗಿ ಹೊಡೆಯುತ್ತದೆ ಅಂತ ತಾನೇ ಎಲ್ಲರೂ ಮೊದಲು ನೋಡುವುದು? ಎಷ್ಟೋ ಸೈನ್ಯಗಳಿಗೆ ಆ ಪ್ರಶ್ನೆ ಸಾಕು. ಟೈರನಿಡ್ ಅಂದರೆ ಹಿಂಡು. ಆಟ ಮುಗಿಯುವ ಹೊತ್ತಿಗೆ ಆ ಹಿಂಡಿನ ಬಹುಪಾಲು ಮೇಜಿನ ಮೇಲೆ ಉಳಿದಿರುವುದಿಲ್ಲ. ಅಷ್ಟು ಸತ್ತ ಮೇಲೂ ಗೆಲ್ಲುವುದು ಈ ಸೈನ್ಯದ ಸಹಜ ರೀತಿ. ಹೇಗಿದ್ದರೂ ಸಾಯುವವರನ್ನು ಆರಿಸುವಾಗ ಆ ಸಾವಿಗೆ ಪ್ರತಿಯಾಗಿ ಏನು ಕೇಳಬೇಕು ಅನ್ನುವುದೇ ಮುಖ್ಯ ಲೆಕ್ಕ ಅಂತ ನನಗೆ ಅನ್ನಿಸುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ವಾರ್‌ಹ್ಯಾಮರ್ 40,000 ಅನ್ನುವುದು ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ತಂದ ಮೇಜಿನ ಮೇಲಿನ ಯುದ್ಧದ ಆಟ. ಪುಟ್ಟ ಬೊಂಬೆಗಳನ್ನು ಜೋಡಿಸಿ, ಬಣ್ಣ ಬಳಿದು, ಇಂಚುಪಟ್ಟಿ ಮತ್ತು ದಾಳ ಹಿಡಿದು ಆಡುವುದು. ಟೈರನಿಡ್‌ಗಳು ಬೇರೆ ಗ್ಯಾಲಕ್ಸಿಯಿಂದ ಬಂದ ಜೀವಿಗಳು. ಗ್ರಹದಲ್ಲಿರುವ ಜೀವವನ್ನೆಲ್ಲ ತಿಂದು ಮುಂದಿನ ಗ್ರಹಕ್ಕೆ ಹೋಗುತ್ತವೆ. ಸಾವಿರಾರು ದೇಹ, ಆದರೆ ಯೋಚಿಸುವ ಮನಸ್ಸು ಒಂದೇ. ಅದಕ್ಕೆ ಹೈವ್ ಮೈಂಡ್ ಅನ್ನುತ್ತಾರೆ. ಈ ಪಡೆಗೆ ತನ್ನದೇ ಕೋಡೆಕ್ಸ್ (ನಿಯಮ ಪುಸ್ತಕ) ಮೊದಲು ಬಂದದ್ದು 1995ರಲ್ಲಿ. 2023ರಲ್ಲಿ 10ನೇ ಆವೃತ್ತಿ ಶುರುವಾದಾಗ ಲೆವಯಥನ್ ಪೆಟ್ಟಿಗೆಯಲ್ಲಿ ಮನುಷ್ಯರ ಕವಚಧಾರಿ ಯೋಧರಾದ ಸ್ಪೇಸ್ ಮರೀನ್‌ಗಳ ಎದುರು ನಿಂತದ್ದೂ ಇವೇ. ನಾನು ಮುಂದೆ ಹೇಳುವ ಲೆಕ್ಕವೆಲ್ಲ ಆ 10ನೇ ಆವೃತ್ತಿಯದು. ಪ್ರತಿ ಯೂನಿಟ್‌ಗೂ ಪಾಯಿಂಟ್‌ನಲ್ಲಿ ಒಂದು ಬೆಲೆ ಇರುತ್ತದೆ, ಲಿಸ್ಟ್‌ನ ಒಟ್ಟು ಬೆಲೆ ಒಂದು ಮಿತಿ ದಾಟುವಂತಿಲ್ಲ. ಆ ಬೆಲೆಗಳನ್ನು ಮಾತ್ರ ಬರೆಯುವುದಿಲ್ಲ. ಅವು ಆಗಾಗ ಬದಲಾಗುತ್ತಲೇ ಇರುತ್ತವೆ, ಬರೆದರೆ ಬೇಗ ಹಳೆಯದಾಗುತ್ತದೆ.

ಮೊದಲು ಎಲ್ಲರಿಗೂ ಪರಿಚಯವಿರುವ ಟರ್ಮಗಾಂಟ್‌ನಿಂದಲೇ ಶುರು ಮಾಡೋಣ. ಪುಟ್ಟ ಜೀವಿ, ಕೈಯಲ್ಲಿ ಫ್ಲೆಶ್‌ಬೋರರ್ ಅನ್ನುವ ಬಂದೂಕು. 20 ಟರ್ಮಗಾಂಟ್‌ಗಳು ಒಟ್ಟಿಗೆ ಸ್ಪೇಸ್ ಮರೀನ್‌ಗಳ ಮೇಲೆ ಗುಂಡು ಹಾರಿಸಿದವು ಅಂದುಕೊಳ್ಳಿ. ತಾಗಿತಾ, ಗಾಯ ಆಯಿತಾ, ಕವಚ ತಡೆಯಿತಾ ಅಂತ ಒಂದೊಂದಕ್ಕೂ ದಾಳ ಹಾಕಬೇಕು. 20 ಗುಂಡಿನಲ್ಲಿ ಸರಾಸರಿ 10 ತಾಗುತ್ತವೆ. ಫ್ಲೆಶ್‌ಬೋರರ್‌ನ ಶಕ್ತಿ 5, ಮರೀನ್‌ನ ಟಫ್‌ನೆಸ್ (ಗಟ್ಟಿತನ) 4. ಹಾಗಾಗಿ ಮೂರರಲ್ಲಿ ಎರಡು ಪಾಲು, ಅಂದರೆ ಆರೇಳು ಗಾಯ. ಮರೀನ್‌ನ ರಕ್ಷಾಕವಚ ಅದರಲ್ಲಿ ಮೂರನೇ ಎರಡನ್ನು ತಡೆಯುತ್ತದೆ. ಉಳಿಯುವುದು ಎರಡು ಗಾಯ ಚಿಲ್ಲರೆ. ಒಬ್ಬ ಮರೀನ್‌ನನ್ನು ಕೊಲ್ಲಲು ಎರಡು ಗಾಯ ಬೇಕು. ಇಪ್ಪತ್ತು ಜೀವಿಗಳು ಸೇರಿ ಉರುಳಿಸಿದ್ದು ಒಬ್ಬನನ್ನು!

ಹೊಡೆತದ ಲೆಕ್ಕದಲ್ಲಿ ನೋಡಿದರೆ ಟರ್ಮಗಾಂಟ್ ತೆಗೆದುಕೊಳ್ಳುವುದೇ ದಂಡ. ಹೊಸದಾಗಿ ಆಡುವವರು ಇಲ್ಲೇ ಬೇಜಾರಾಗಿ ಅದನ್ನು ಲಿಸ್ಟ್‌ನಿಂದ ತೆಗೆದುಹಾಕುತ್ತಾರೆ. ಆದರೆ ಅದೇ ಯೂನಿಟ್ ಹೇಗೆ ಸಾಯುತ್ತದೆ ಅಂತ ನೋಡಿ. ಹತ್ತು ಮಂದಿ ಇಂಟರ್‌ಸೆಸರ್‌ಗಳು (ಮರೀನ್‌ಗಳ ಸಾಮಾನ್ಯ ಪದಾತಿಗಳು) ಬೋಲ್ಟ್ ರೈಫಲ್ ಹಿಡಿದು 20 ಗುಂಡು ಹಾರಿಸಿದರೆ ಬಯಲಿನಲ್ಲಿ ನಿಂತ ಟರ್ಮಗಾಂಟ್‌ಗಳಲ್ಲಿ ಸರಾಸರಿ ಏಳು ಸಾಯುತ್ತವೆ. ಗೋಡೆಯ ಮರೆ ಇದ್ದರೆ ಆರು. ಎದುರಾಳಿಯ ಒಂದು ಇಡೀ ಯೂನಿಟ್ ಒಂದು ಸುತ್ತು ಪೂರ್ತಿ ದುಡಿದರೂ ನನ್ನ ಅಗ್ಗದ ಯೂನಿಟ್‌ನ ಅರ್ಧ ಕೂಡ ಮುಗಿಯಲಿಲ್ಲ. ಇನ್ನು ಟ್ಯಾಂಕ್ ಒಡೆಯಲು ಇಟ್ಟುಕೊಂಡ ಲ್ಯಾಸ್‌ಕ್ಯಾನನ್‌ ಅನ್ನು ಇವುಗಳ ಮೇಲೆ ಹಾರಿಸಿದರೆ ಒಂದು ಗುಂಡಿಗೆ ಹೆಚ್ಚೆಂದರೆ ಒಂದು ಟರ್ಮಗಾಂಟ್. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ.

ಈಗ ಇನ್ನೊಂದು ತುದಿಗೆ ಹೋಗೋಣ. ಟೈರನೋಫೆಕ್ಸ್ ದೊಡ್ಡ ದೈತ್ಯ. ಟಫ್‌ನೆಸ್ 12, ಗಾಯ 16 (ಅಷ್ಟು ತಿಂದರೆ ಸಾವು), ಸೇವ್ 2+ (ಕವಚ ಗುಂಡು ತಡೆಯಲು ದಾಳದಲ್ಲಿ 2 ಅಥವಾ ಹೆಚ್ಚು ಬೀಳಬೇಕು). ಅದೇ ಲ್ಯಾಸ್‌ಕ್ಯಾನನ್ ಈಗ ಸರಿಯಾದ ಗುರಿಯ ಮೇಲೆ ತಿರುಗಿತು. ಮೂರರಲ್ಲಿ ಎರಡು ಸಲ ತಾಗುತ್ತದೆ, ಅದರಲ್ಲಿ ಅರ್ಧ ಗಾಯ ಮಾಡುತ್ತದೆ, ಲ್ಯಾಸ್‌ಕ್ಯಾನನ್ ಕವಚವನ್ನು ಭೇದಿಸುವುದರಿಂದ ಸೇವ್ ಮೂರರಲ್ಲಿ ಒಂದನ್ನಷ್ಟೇ ತಡೆಯುತ್ತದೆ. ಒಳಗೆ ಹೊಕ್ಕ ಪ್ರತಿ ಗುಂಡಿಗೆ ಸರಾಸರಿ ನಾಲ್ಕೂವರೆ ಗಾಯ. ಎಲ್ಲ ಗುಣಿಸಿದರೆ ಹಾರಿಸಿದ ಒಂದು ಗುಂಡಿಗೆ ಸರಾಸರಿ ಒಂದು ಗಾಯ. ಅಂದರೆ ಯಾವ ರೀ-ರೋಲ್ (ದಾಳ ಮತ್ತೆ ಹಾಕುವ) ಸಹಾಯವೂ ಇಲ್ಲದೆ ಆ ದೈತ್ಯನನ್ನು ಮಲಗಿಸಲು ಹದಿನಾರು ಲ್ಯಾಸ್‌ಕ್ಯಾನನ್ ಗುಂಡು ಬೇಕು. ಅಷ್ಟು ಗುಂಡು ಒಂದೇ ಸುತ್ತಿನಲ್ಲಿ ಹಾರಿಸುವ ಸೈನ್ಯ ಎಲ್ಲಿದೆ? ಇನ್ನು ಬೋಲ್ಟ್ ರೈಫಲ್ ಹಿಡಿದವರು ಟೈರನೋಫೆಕ್ಸ್ ಮೇಲೆ ಹಾರಿಸುವುದೂ ಒಂದೇ, ಸುಮ್ನೆ ನಿಲ್ಲುವುದೂ ಒಂದೇ.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಹಿಂಡಿನ ಪಡೆ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾಗುತ್ತದೆ. ಎದುರಾಳಿ ತನ್ನ ಲಿಸ್ಟ್ ಬರೆಯುವಾಗ ಸಣ್ಣ ಬಂದೂಕು ಇಷ್ಟು, ದೊಡ್ಡ ಬಂದೂಕು ಇಷ್ಟು ಅಂತ ಹಂಚಿಕೊಂಡಿರುತ್ತಾನೆ. ನನ್ನ ಪಡೆಯಲ್ಲಿ ಬರೀ ಪುಟ್ಟ ಜೀವಿಗಳೇ ಇದ್ದರೆ ಅವನ ದೊಡ್ಡ ಬಂದೂಕುಗಳೆಲ್ಲ ದಂಡ. ಬರೀ ದೈತ್ಯರೇ ಇದ್ದರೆ ಅವನ ಸಣ್ಣ ಬಂದೂಕುಗಳು ದಂಡ. ಎರಡರಲ್ಲಿ ಒಂದು ಕಡೆಗೆ ಚೆನ್ನಾಗಿ ವಾಲಿದ ಲಿಸ್ಟ್ ಸಾಮಾನ್ಯವಾಗಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಇಟ್ಟುಕೊಂಡ ಲಿಸ್ಟ್‌ಗಿಂತ ಗಟ್ಟಿ. ಎಲ್ಲ ಥರದ ಗುರಿಯನ್ನೂ ಕೊಟ್ಟರೆ ಅವನ ಎಲ್ಲ ಬಂದೂಕಿಗೂ ಕೆಲಸ ಕೊಟ್ಟ ಹಾಗಾಯಿತು, ಅಲ್ವಾ?

ಇದೇ ಕಾರಣಕ್ಕೆ ನಡುಗಾತ್ರದ ಜೀವಿಗಳ ವಿಷಯದಲ್ಲಿ ನಾನು ತುಂಬ ಎಚ್ಚರದಿಂದಿರುತ್ತೇನೆ. ಟೈರನಿಡ್ ವಾರಿಯರ್ ತೆಗೆದುಕೊಳ್ಳಿ. ನೋಡಲು ಇಡೀ ಕೋಡೆಕ್ಸ್‌ನಲ್ಲೇ ಅಷ್ಟು ಚಂದದ ಬೊಂಬೆ ಇನ್ನೊಂದಿಲ್ಲ ಅನ್ನುವಷ್ಟು ನನಗೆ ಇಷ್ಟ. ಟಫ್‌ನೆಸ್ 5, ಗಾಯ 3, ಸೇವ್ 4+. ಆಟೋಕ್ಯಾನನ್‌ನಂಥ ನಡುಗಾತ್ರದ ಬಂದೂಕಿಗೆ ಇದಕ್ಕಿಂತ ಒಳ್ಳೆಯ ಗುರಿ ಸಿಗುವುದಿಲ್ಲ. ಟರ್ಮಗಾಂಟ್ ಮೇಲೆ ಹಾರಿಸಿದರೆ ಆಟೋಕ್ಯಾನನ್‌ನ ಮೂರು ಗಾಯದಲ್ಲಿ ಎರಡು ವ್ಯರ್ಥ. ಟೈರನೋಫೆಕ್ಸ್ ಮೇಲೆ ಹಾರಿಸಿದರೆ ಗಾಯ ಆಗುವುದೇ ಕಷ್ಟ. ವಾರಿಯರ್ ಮೇಲೆ ಹಾರಿಸಿದರೆ ಒಳಗೆ ಹೊಕ್ಕ ಪ್ರತಿ ಗುಂಡಿಗೂ ಒಂದು ಇಡೀ ವಾರಿಯರ್. ಒಂದು ಚೂರೂ ಪೋಲಾಗುವುದಿಲ್ಲ. ವಾರಿಯರ್ ಬೇಡ ಅನ್ನುತ್ತಿಲ್ಲ. ಅವನ್ನು ತೆಗೆದುಕೊಂಡರೆ ಒಂದು ಯೂನಿಟ್ ಮಾತ್ರ ಇಟ್ಟು ಎದುರಾಳಿಯ ನಡುಗಾತ್ರದ ಬಂದೂಕುಗಳಿಗೆಲ್ಲ ಅದೊಂದನ್ನೇ ಗುರಿಯಾಗಿ ಕೊಡಬೇಡಿ. ತೆಗೆದುಕೊಳ್ಳುವುದಾದರೆ ಅವುಗಳ ಸುತ್ತಲೇ ಲಿಸ್ಟ್ ಕಟ್ಟಿ.

ಇನ್ನು ಆಬ್ಜೆಕ್ಟಿವ್ ಮಾತು. ಈ ಆಟ ಗೆಲ್ಲುವುದು ಆಡುವಾಗ ಗಳಿಸುವ ಪಾಯಿಂಟ್‌ನಿಂದ (ಇದು ಲಿಸ್ಟ್‌ನ ಬೆಲೆಯಲ್ಲ), ಹೆಣದ ಲೆಕ್ಕದಿಂದಲ್ಲ. ಆಬ್ಜೆಕ್ಟಿವ್ ಅನ್ನುವ ಮೇಜಿನ ಮೇಲಿನ ಗುರುತುಗಳ ಸುತ್ತ ಯಾರ ಒಸಿ (ಆಬ್ಜೆಕ್ಟಿವ್ ಕಂಟ್ರೋಲ್, ಜಾಗ ಹಿಡಿಯುವ ಬಲ) ಜಾಸ್ತಿಯೋ ಆ ಜಾಗ ಅವರದು. ಟರ್ಮಗಾಂಟ್ ಒಂದಕ್ಕೆ ಒಸಿ 2. ಇಂಟರ್‌ಸೆಸರ್ ಒಬ್ಬನಿಗೂ 2. ಐದು ಇಂಟರ್‌ಸೆಸರ್‌ಗಳ ಯೂನಿಟ್ ಒಂದು ಆಬ್ಜೆಕ್ಟಿವ್ ಮೇಲೆ ನಿಂತಿದೆ, ಅವರದು 10. ನನ್ನ 20 ಟರ್ಮಗಾಂಟ್‌ಗಳಲ್ಲಿ 11 ಸತ್ತು 9 ಉಳಿದಿವೆ, ನನ್ನದು 18. ಇಷ್ಟು ಸತ್ತರೂ ಜಾಗ ನನ್ನದೇ.

ಆದರೆ ಇಲ್ಲೇ ಒಂದು ತೊಡಕಿದೆ. ಇಪ್ಪತ್ತರಲ್ಲಿ ಒಂಬತ್ತು ಅಂದರೆ ಅರ್ಧಕ್ಕಿಂತ ಕಡಿಮೆ. ಹಾಗಾಗಿ ನನ್ನ ಸರದಿಯ ಮೊದಲ ಭಾಗವಾದ ಕಮಾಂಡ್ ಹಂತದಲ್ಲಿ ಬ್ಯಾಟಲ್‌ಶಾಕ್ (ಎದೆಗುಂದುವ) ಪರೀಕ್ಷೆ ಬರುತ್ತದೆ. ಅದರಲ್ಲಿ ಸೋತರೆ ಆ ಯೂನಿಟ್‌ನ ಒಸಿ ಸೊನ್ನೆ. ಪಾಯಿಂಟ್ ಎಣಿಸುವುದು ಪರೀಕ್ಷೆ ಆದ ಮೇಲೆ. ಹದಿನೆಂಟು ಇದ್ದದ್ದು ಒಂದು ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಆಗಬಹುದು. ಟರ್ಮಗಾಂಟ್‌ನ ಲೀಡರ್‌ಶಿಪ್ (ಧೈರ್ಯದ ಅಂಕ) 8+. ಎರಡು ದಾಳದಲ್ಲಿ 8 ಅಥವಾ ಅದಕ್ಕಿಂತ ಜಾಸ್ತಿ ಬೀಳುವ ಸಾಧ್ಯತೆ ನೂರಕ್ಕೆ 42. ಸಿನಾಪ್ಸ್ ಇರುವ, ಅಂದರೆ ಹೈವ್ ಮೈಂಡ್‌ನ ಇಚ್ಛೆಯನ್ನು ಉಳಿದವಕ್ಕೆ ದಾಟಿಸುವ, ಯಾವುದಾದರೂ ಜೀವಿ 6 ಇಂಚಿನೊಳಗೆ ಇದ್ದರೆ ಎರಡರ ಬದಲು ಮೂರು ದಾಳ ಹಾಕಬಹುದು. ಆಗ ಸಾಧ್ಯತೆ ನೂರಕ್ಕೆ 84. ಹೆಚ್ಚುಕಡಿಮೆ ಎರಡು ಪಟ್ಟು!

ಆ 6 ಇಂಚು ಹಿಂಡಿನ ಪಡೆಯ ಜೀವಾಳ. ಸಿನಾಪ್ಸ್ ಜೀವಿಗಳನ್ನು ಎಷ್ಟು ಜೋರಾಗಿ ಹೊಡೆಯುತ್ತವೆ ಅಂತ ನೋಡಿ ಆರಿಸುವ ಬದಲು, ಅವು ಎಲ್ಲಿ ನಿಲ್ಲಬೇಕಾಗುತ್ತದೆ ಅಂತ ನೋಡಿ ಆರಿಸಿ. ಹೈವ್ ಟೈರಂಟ್‌ ಮುಂದೆ ಹೋಗಿ ಹೋರಾಡುವ ಜೀವಿ. ಅದು ಹಿಂದಿನ ಆಬ್ಜೆಕ್ಟಿವ್ ಕಾಯುವ ಟರ್ಮಗಾಂಟ್‌ಗಳ ಪಕ್ಕ ಕೂತರೆ ಅದರ ಬೆಲೆ ಪೂರ್ತಿ ನೀರಿಗೆ ಹೋದ ಹಾಗೆ. ಜೋವನ್‌ತ್ರೋಪ್ ಹಾಗಲ್ಲ. 24 ಇಂಚು ದೂರದಿಂದ ಮನಸ್ಸಿನ ಶಕ್ತಿಯಲ್ಲಿ ಟ್ಯಾಂಕ್ ಸೀಳುತ್ತದೆ. ಅದು ಮೇಜಿನ ನಡುವೆ ಒಂದು ಗೋಡೆಯ ಹಿಂದೆ ನಿಂತರೂ ತನ್ನ ಕೆಲಸ ಮಾಡುತ್ತದೆ, ಅಕ್ಕಪಕ್ಕದ ಗಾಂಟ್‌ಗಳಿಗೆ (ಟರ್ಮಗಾಂಟ್‌ನಂಥ ಪುಟ್ಟ ಜೀವಿಗಳಿಗೆ) ಧೈರ್ಯವನ್ನೂ ಕೊಡುತ್ತದೆ. ಜೊತೆಗೆ ಯಾವ ಬಂದೂಕೂ ತಗ್ಗಿಸಲಾಗದ 4+ ಇನ್‌ವಲ್ನರಬಲ್ ಸೇವ್ ಇರುವುದರಿಂದ ಲ್ಯಾಸ್‌ಕ್ಯಾನನ್ ಗುಂಡುಗಳಲ್ಲೂ ಅರ್ಧ ವ್ಯರ್ಥ. ಒಂದೇ ಬೆಲೆಗೆ ಮೂರು ಕೆಲಸ. ನನ್ನ ಲಿಸ್ಟ್‌ನಲ್ಲಿ ಜೋವನ್‌ತ್ರೋಪ್ ಇಲ್ಲದ ಆಟ ನನಗೆ ನೆನಪಿಲ್ಲ.

ಬ್ಯಾಟಲ್‌ಶಾಕ್ ಎದುರಾಳಿಗೂ ಇದೆ, ಅದನ್ನು ನಾವು ತಿರುಗಿಸಿಯೂ ಬಳಸಬಹುದು. ಶ್ಯಾಡೋ ಇನ್ ದ ವಾರ್ಪ್ ಅನ್ನುವ ಶಕ್ತಿ ಆಟಕ್ಕೆ ಒಂದೇ ಸಲ. ಯಾರ ಕಮಾಂಡ್ ಹಂತದಲ್ಲಾದರೂ ಬಳಸಬಹುದು. ಮೇಜಿನ ಮೇಲಿರುವ ಶತ್ರುವಿನ ಪ್ರತಿ ಯೂನಿಟ್‌ ಕೂಡ ಪರೀಕ್ಷೆ ಬರೆಯಬೇಕು. ಎದುರಾಳಿಯ ಕಮಾಂಡ್ ಹಂತದಲ್ಲಿ, ಅವನು ಪಾಯಿಂಟ್ ಎಣಿಸುವ ಮುಂಚೆ ಬಳಸಿದರೆ ಏಟು ಜೋರು. ಲೀಡರ್‌ಶಿಪ್ 6+ ಇರುವ ಮರೀನ್‌ಗಳೂ 36ರಲ್ಲಿ 10 ಸಲ ಸೋಲುತ್ತಾರೆ. ಹತ್ತು ಯೂನಿಟ್ ಇದ್ದರೆ ಎರಡು ಮೂರು ಯೂನಿಟ್‌ ಆ ಸುತ್ತಿಗೆ ಜಾಗ ಹಿಡಿಯಲಾರದೆ, ಸ್ಟ್ರಾಟಜೆಮ್ (ಬೇಕಾದಾಗ ಬಳಸುವ ವಿಶೇಷ ತಂತ್ರ) ಸಹಾಯವೂ ಇಲ್ಲದೆ ನಿಲ್ಲುತ್ತವೆ. ಇದನ್ನು ಪೂರ್ತಿ ಬಳಸಿಕೊಳ್ಳಬೇಕಾದರೆ ಆ ಹೊತ್ತಿಗೆ ಅವನ ಆಬ್ಜೆಕ್ಟಿವ್‌ಗಳ ಮೇಲೆ ನನ್ನದೊಂದಿಷ್ಟು ಗಾಂಟ್‌ಗಳು ಬದುಕಿರಬೇಕು. ಎರಡೇ ಇದ್ದರೂ ಸಾಕು, ಅವನದು ಸೊನ್ನೆ, ನನ್ನದು ನಾಲ್ಕು.

ಗಾಂಟ್‌ಗಳಲ್ಲೇ ಯಾವುದು ಅನ್ನುವ ಪ್ರಶ್ನೆಗೆ ಬರುತ್ತೇನೆ. ಟರ್ಮಗಾಂಟ್, ಹಾರ್ಮಗಾಂಟ್, ಗಾರ್ಗಾಯ್ಲ್, ಮೂರರ ಕೆಲಸವೂ ಬೇರೆ ಬೇರೆ. ಟರ್ಮಗಾಂಟ್ ಜಾಗ ಕಾಯುವ ಜೀವಿ. ಎದುರಾಳಿ ನಡೆದು 9 ಇಂಚಿನೊಳಗೆ ಬಂದು ನಿಂತರೆ ಅವನ ಸರದಿಯಲ್ಲೇ ಇವು ಒಂದು ದಾಳದಷ್ಟು ಸರಿದುಕೊಳ್ಳಬಹುದು. ಅವನು ಚಾರ್ಜ್ ಮಾಡಲು (ಎರಡು ದಾಳದಷ್ಟು ನುಗ್ಗಿ ಕೈಕೈ ಮಿಲಾಯಿಸಲು) 7 ಇಂಚು ಸಾಕು ಅಂತ ಲೆಕ್ಕ ಹಾಕಿ ಬಂದಿರುತ್ತಾನೆ. ನಾನು ನಾಲ್ಕು ಹಾಕಿ ಹಿಂದೆ ಸರಿದರೆ ಅವನಿಗೆ 11 ಬೇಕು. ಅಥವಾ ಇನ್ನೂ ಮುಂದೆ ಸರಿದು ಆಬ್ಜೆಕ್ಟಿವ್ ಮೇಲೇ ಹರಡಿಕೊಳ್ಳಬಹುದು. ಇಷ್ಟು ಅಗ್ಗದ ಜೀವಿ ಎದುರಾಳಿಯ ಸರದಿಯಲ್ಲಿ ಅವನ ಯೋಜನೆ ಕೆಡಿಸುವುದು ನೋಡಲು ತುಂಬ ಖುಷಿ.

ಹಾರ್ಮಗಾಂಟ್ ಓಡುವ ಜೀವಿ. ನಡಿಗೆ 10 ಇಂಚು. ಓಡಿದ ಮೇಲೂ ಚಾರ್ಜ್ ಮಾಡಬಹುದು. ಎಲ್ಲ ಕೂಡಿದರೆ ಸರಾಸರಿ 20 ಇಂಚು ದಾಟುತ್ತದೆ. ಮೇಜಿನ ಅಗಲವೇ 44 ಇಂಚು ಅನ್ನುವುದನ್ನು ನೆನಪಿಡಿ. ಅದರ ಉಗುರಿಗೆ ಟ್ಯಾಂಕ್ ಒಡೆಯುವ ತಾಕತ್ತು ಇಲ್ಲ, ಅದು ಬೇಕಾಗಿಯೂ ಇಲ್ಲ. ದೂರದಿಂದ ಹೊಡೆಯುವ ಸಾಮಾನ್ಯ ಪದಾತಿ ಯೂನಿಟ್‌ಗೆ ಹಾರ್ಮಗಾಂಟ್‌ಗಳು ಸುತ್ತಿಕೊಂಡರೆ ಅದು ಬೇರೆಯವರ ಮೇಲೆ ಗುಂಡು ಹಾರಿಸುವಂತಿಲ್ಲ. ಹಿಂದೆ ಸರಿದರೆ ಆ ಸುತ್ತು ಸಾಮಾನ್ಯವಾಗಿ ಗುಂಡು ಹಾರಿಸುವಂತಿಲ್ಲ.

ಗಾರ್ಗಾಯ್ಲ್ ಹಾರುವ ಜೀವಿ. 12 ಇಂಚು ಹಾರುತ್ತದೆ, ಗುಂಡು ಹಾರಿಸಿದ ಮೇಲೆ ಇನ್ನೂ 6 ಇಂಚು ಹೋಗಬಹುದು. ಇದರ ಅಸಲಿ ಕೆಲಸ ದಾರಿ ತಡೆಯುವುದು. ಎರಡು ಪಾಳು ಕಟ್ಟಡಗಳ ನಡುವಿನ ಓಣಿಯಿಂದ ಎದುರಾಳಿಯ ಟ್ಯಾಂಕ್‌ಗಳು ಹೊರಬರಬೇಕು ಅಂದುಕೊಳ್ಳಿ. ಮೊದಲ ಸುತ್ತಿನಲ್ಲೇ ಗಾರ್ಗಾಯ್ಲ್‌ಗಳು ಹೋಗಿ ಆ ಓಣಿಯ ಬಾಯಲ್ಲಿ ಕೂತವು. ಟ್ಯಾಂಕ್ ಶತ್ರುಗಳ ಮೇಲೆ ಹತ್ತಿ ದಾಟುವಂತಿಲ್ಲ. ಮೊದಲು ಎಲ್ಲವನ್ನೂ ಕೊಲ್ಲಬೇಕು. ಆದರೆ ಗುಂಡು ಹಾರಿಸುವ ಹಂತ ಬರುವುದು ನಡೆಯುವ ಹಂತದ ನಂತರ. ಕೊಂದರೂ ಆ ಸುತ್ತು ಮುಂದೆ ಬರಲಾಗುವುದಿಲ್ಲ. ಆಟ ಐದೇ ಸುತ್ತು. ಬಹಳಷ್ಟು ಮಿಷನ್‌ಗಳಲ್ಲಿ ಮುಖ್ಯ ಪಾಯಿಂಟ್ ಎರಡನೇ ಸುತ್ತಿನಿಂದ ಶುರು. ಅಂದರೆ ಪಾಯಿಂಟ್ ಗಳಿಸುವ ನಾಲ್ಕು ಅವಕಾಶದಲ್ಲಿ ಒಂದನ್ನು ಅಗ್ಗದ ಹತ್ತು ಜೀವಿಗಳು ಸತ್ತು ಕಸಿದುಕೊಂಡವು. ನನ್ನ ಮಟ್ಟಿಗೆ ಇಡೀ ಕೋಡೆಕ್ಸ್‌ನಲ್ಲಿ ಇದಕ್ಕಿಂತ ಲಾಭದ ಸಾವು ಇಲ್ಲ.

ಇನ್ನೊಂದು ಕೆಲಸ ಇದೆ, ಹೊರಗಿನಿಂದ ನೋಡುವವರಿಗೆ ಅದು ಕಾಣುವುದೇ ಇಲ್ಲ. ಬೆನ್ನು ಕಾಯುವುದು. ಡೀಪ್ ಸ್ಟ್ರೈಕ್ ಮಾಡುವ, ಅಂದರೆ ಆಟದ ನಡುವೆ ನೇರ ಮೇಜಿನ ಮೇಲೆ ಬಂದಿಳಿಯುವ, ಶತ್ರು ನನ್ನ ಯಾವ ಮಾಡೆಲ್‌ನಿಂದಲೂ 9 ಇಂಚಿಗಿಂತ ದೂರದಲ್ಲೇ ಇಳಿಯಬೇಕು. ಹತ್ತು ಟರ್ಮಗಾಂಟ್‌ಗಳನ್ನು ಸಾಲಾಗಿ ಹರಡುತ್ತೇನೆ. ಏಳು ಅಥವಾ ಹೆಚ್ಚು ಮಾಡೆಲ್ ಇರುವ ಯೂನಿಟ್‌ನಲ್ಲಿ ಪ್ರತಿಯೊಂದರ 2 ಇಂಚಿನೊಳಗೆ ಇನ್ನೆರಡು ಇರಬೇಕು ಅನ್ನುವ ನಿಯಮ ಇರುವುದರಿಂದ ಒಂಟಿ ಸಾಲು ಆಗುವುದಿಲ್ಲ. ಎರಡೂ ತುದಿಯಲ್ಲಿ ಎರಡೆರಡನ್ನು ಜೋಡಿಯಾಗಿ ನಿಲ್ಲಿಸಿ, ನಡುವೆ ಆರನ್ನು ಒಂದೊಂದಾಗಿ ಎಳೆಯುತ್ತೇನೆ. ಬೇಸ್‌ಗಳ ಅಗಲ, ನಡುವಿನ ಅಂತರ ಕೂಡಿದರೆ ಸಾಲು ಸುಮಾರು 22 ಇಂಚು. ಎರಡೂ ಬದಿಗೆ 9 ಇಂಚು ಸೇರಿಸಿದರೆ 40 ಇಂಚು ಅಗಲದ ಜಾಗದಲ್ಲಿ ಯಾರೂ ಇಳಿಯುವಂತಿಲ್ಲ. 2000 ಪಾಯಿಂಟ್ ಆಟದ ಮೇಜಿನ ಉದ್ದ 60 ಇಂಚು. ಒಂದು ಯೂನಿಟ್ ಸುಮ್ನೆ ನಿಂತು ಅದರಲ್ಲಿ ಮೂರನೇ ಎರಡು ಪಾಲನ್ನು ಮುಚ್ಚಿತು! ಈ ಟರ್ಮಗಾಂಟ್‌ಗಳು ಇಡೀ ಆಟದಲ್ಲಿ ಒಂದೂ ಗುಂಡು ಹಾರಿಸದೆ ಇರಬಹುದು. ಆಟ ಮುಗಿದ ಮೇಲೆ ಯಾರೂ ಅವುಗಳ ಬಗ್ಗೆ ಮಾತಾಡುವುದಿಲ್ಲ. ಆದರೆ ಹಿಂದೆ ನಿಂತ ಎಕ್ಸೋಕ್ರೈನ್ (ದೊಡ್ಡ ಫಿರಂಗಿಯ ಜೀವಿ) ಐದೂ ಸುತ್ತು ನೆಮ್ಮದಿಯಾಗಿ ಪ್ಲಾಸ್ಮಾ ಉಗುಳಿತು ಅಂದರೆ ಅದಕ್ಕೆ ಕಾರಣ ಅವು.

ಸಣ್ಣ ಕೆಲಸಗಳಿಗೆ ಲಿಕ್ಟರ್ ನನಗೆ ಅಚ್ಚುಮೆಚ್ಚು. ಲೋನ್ ಆಪರೇಟಿವ್ ಆದ್ದರಿಂದ 12 ಇಂಚಿನೊಳಗೆ ಬರದೆ ಅದರ ಮೇಲೆ ಗುಂಡು ಹಾರಿಸಲಾಗುವುದಿಲ್ಲ. ಮೂಲೆಯಲ್ಲಿ ಹೋಗಿ ಕೂತು ಸೆಕೆಂಡರಿ (ಉಪಗುರಿಗಳ) ಪಾಯಿಂಟ್ ತರುತ್ತದೆ. ಅದನ್ನು ಓಡಿಸಲು ಎದುರಾಳಿ ಒಂದು ಒಳ್ಳೆಯ ಯೂನಿಟ್ ಕಳಿಸಬೇಕು. ಬಯೋವೋರ್ ಕೂಡ ಹೀಗೆಯೇ ಹಿಂದೆ ಮರೆಯಲ್ಲಿ ಕೂತು ದೂರಕ್ಕೆ ಸ್ಪೋರ್ ಮೈನ್ (ಸಿಡಿಯುವ ಜೀವಿ) ಎಸೆದು ದಾರಿಗೆ ಅಡ್ಡ ಹಾಕುತ್ತದೆ.

ಹಾಗಾದರೆ ಕೊಲ್ಲುವವರು ಯಾರು? ಇದಕ್ಕೂ ಉತ್ತರ ಬೇಕೇ ಬೇಕು. ಬರೀ ಸಾಯುವ ಪಡೆ ಮೂರನೇ ಸುತ್ತಿಗೆ ಖಾಲಿಯಾಗಿಬಿಡುತ್ತದೆ. ಟೈರನಿಡ್‌ಗಳಿಗೆ ಮೊದಲಿಂದಲೂ ಕಾಡುವ ಕೊರತೆ ಟ್ಯಾಂಕ್ ಒಡೆಯುವುದು. ಟೈರನೋಫೆಕ್ಸ್‌ನ ರಪ್ಚರ್ ಕ್ಯಾನನ್ ಆ ಕೆಲಸಕ್ಕೇ ಹುಟ್ಟಿದ್ದು. ಶಕ್ತಿ 18, ಒಂದು ಗುಂಡಿಗೆ ಆರರ ಮೇಲೆ ಇನ್ನೊಂದು ದಾಳದಷ್ಟು ಗಾಯ. ಆದರೆ ಸುತ್ತಿಗೆ ಎರಡೇ ಗುಂಡು. ಎರಡೂ ತಪ್ಪಿದರೆ ಆ ಸುತ್ತು ಮುಗಿಯಿತು. ದಾಳದ ಮೇಲೆ ಅಷ್ಟು ಭಾರ ಹಾಕುವುದು ನನಗೆ ಒಗ್ಗುವುದಿಲ್ಲ. ಅದಕ್ಕೇ ಒಂದು ಟೈರನೋಫೆಕ್ಸ್ ಇಟ್ಟರೆ ಜೊತೆಗೆ ಜೋವನ್‌ತ್ರೋಪ್‌ಗಳನ್ನೂ ಇಡುತ್ತೇನೆ. ಎಕ್ಸೋಕ್ರೈನ್ ನಡುಗಾತ್ರದ ಎಲ್ಲದಕ್ಕೂ ಒಳ್ಳೆಯದು. ಅದು ಹೊಡೆದ ಗುರಿಯ ಮೇಲೆ ಉಳಿದ ಟೈರನಿಡ್‌ಗಳು 1 ಬಿದ್ದ ದಾಳವನ್ನು ಮತ್ತೆ ಹಾಕಬಹುದು. ಹಾಗಾಗಿ ಅದನ್ನು ಮೊದಲು ಹಾರಿಸಿ, ಉಳಿದವರನ್ನು ಆಮೇಲೆ.

ಕೈಕೈ ಮಿಲಾಯಿಸುವುದಕ್ಕೆ ಜೀನ್‌ಸ್ಟೀಲರ್. 1989ರ ಸ್ಪೇಸ್ ಹಲ್ಕ್ ಆಟದಲ್ಲಿ ಕತ್ತಲ ಓಣಿಗಳಲ್ಲಿ ಟರ್ಮಿನೇಟರ್‌ಗಳನ್ನು (ಭಾರೀ ಕವಚದ ಮರೀನ್‌ಗಳನ್ನು) ಬೇಟೆಯಾಡುತ್ತಿದ್ದ ಅದೇ ಜೀವಿ. ಇವತ್ತಿಗೂ ಅದರ ಗುಣ ಹಾಗೆಯೇ. ಮರೆಯಿಂದ ಹಾರಿ ಬಂದು ಒಂದು ಯೂನಿಟ್ ಸೀಳಿ ಮುಂದಿನ ಸುತ್ತು ತಾನೂ ಸಾಯುತ್ತದೆ. ಇಲ್ಲಿ ನನ್ನ ಮೊದಲ ಪ್ರಶ್ನೆಯನ್ನು ಸ್ವಲ್ಪ ಬಿಗಿಯಾಗಿ ಕೇಳುತ್ತೇನೆ. ತನಗಿಂತ ಬೆಲೆಯುಳ್ಳದ್ದನ್ನು ಕೊಂದು ಸತ್ತಿತಾ? ಎದುರಾಳಿಯ ಅಗ್ಗದ ಸ್ಕ್ರೀನ್ (ಮುಂದೆ ಅಡ್ಡ ನಿಲ್ಲಿಸಿದ ಯೂನಿಟ್) ಮೇಲೆ ಬಿದ್ದು ಸತ್ತರೆ ಲಾಭ ಅವನದು. ಅದಕ್ಕೇ ಜೀನ್‌ಸ್ಟೀಲರ್ ತೆಗೆದುಕೊಂಡರೆ ಆ ಸ್ಕ್ರೀನ್ ಸರಿಸುವ ಬೇರೆ ಯಾರಾದರೂ ಲಿಸ್ಟ್‌ನಲ್ಲಿ ಇರಲೇಬೇಕು. ಹಾರ್ಮಗಾಂಟ್ ಆ ಕೆಲಸಕ್ಕೆ ಸಾಕು.

ನಾರ್ನ್ ಎಮಿಸರಿ ಬಗ್ಗೆ ಹೇಳದೆ ಇರಲಾರೆ. ಇದು ಹಿಂಡಿಗೆ ಪೂರ್ತಿ ಉಲ್ಟಾ. ಒಂದೇ ದೇಹ, ಟಫ್‌ನೆಸ್ 11, ಗಾಯ 16, ಜೊತೆಗೆ 4+ ಇನ್‌ವಲ್ನರಬಲ್ ಸೇವ್. ಆಟದ ಶುರುವಿನಲ್ಲಿ ಅದಕ್ಕೆ ಒಂದು ಗುರಿ ಕೊಡಬೇಕು. ಶತ್ರುವಿನ ಒಂದು ಯೂನಿಟ್ ಆಗಬಹುದು, ಒಂದು ಆಬ್ಜೆಕ್ಟಿವ್ ಆಗಬಹುದು. ಆಬ್ಜೆಕ್ಟಿವ್ ಕೊಟ್ಟರೆ ಅಲ್ಲಿ ಇರುವವರೆಗೂ ಅದರ ಒಸಿ 15. ಏಳೆಂಟು ಟರ್ಮಗಾಂಟ್‌ಗಳ ಲೆಕ್ಕ ಒಂದೇ ದೇಹದಲ್ಲಿ ಬಂತು. ನಡುವಿನ ಆಬ್ಜೆಕ್ಟಿವ್ ಮೇಲೆ ಅದನ್ನು ನಿಲ್ಲಿಸಿ ಸುತ್ತ ಗಾಂಟ್‌ಗಳನ್ನು ಹರಡಿದರೆ ಎದುರಾಳಿಗೆ ಎರಡು ಥರದ ಬಂದೂಕೂ ಒಂದೇ ಜಾಗಕ್ಕೆ ಬೇಕಾಗುತ್ತದೆ. ಬೆಲೆ ಜಾಸ್ತಿ, ಒಪ್ಪುತ್ತೇನೆ. ಆದರೆ ಅದು ಸಾಯಲು ತೆಗೆದುಕೊಳ್ಳುವ ಹೊತ್ತು ಇದೆಯಲ್ಲ, ಅಷ್ಟರಲ್ಲಿ ಉಳಿದ ಪಡೆ ಮೇಜಿನ ಅಂಚುಗಳನ್ನೆಲ್ಲ ಹಿಡಿದಿರುತ್ತದೆ.

ಡಿಟ್ಯಾಚ್‌ಮೆಂಟ್, ಅಂದರೆ ಇಡೀ ಪಡೆಗೆ ಆರಿಸಿಕೊಳ್ಳುವ ವಿಶೇಷ ನಿಯಮಗಳ ಗುಂಪು, ಬದಲಾದರೆ ಈ ಲೆಕ್ಕವೂ ಅಲುಗಾಡುತ್ತದೆ. ಅನ್‌ಎಂಡಿಂಗ್ ಸ್ವಾರ್ಮ್‌ನಲ್ಲಿ ಶತ್ರು ಗುಂಡು ಹಾರಿಸಿ ಗಾಂಟ್‌ಗಳನ್ನು ಕೊಂದರೆ ಉಳಿದವು ಅವನ ಸರದಿಯಲ್ಲೇ ಒಂದು ದಾಳದಷ್ಟು ಅವನ ಕಡೆಗೆ ನುಗ್ಗುತ್ತವೆ. ಅಲ್ಲಿ ಸಾವೇ ನಡಿಗೆ. ಅವನು ಹೊಡೆಯಲೂ ಹೆದರಬೇಕು, ಹೊಡೆಯದೆ ಇರಲೂ ಹೆದರಬೇಕು. ಪೂರ್ತಿ ಸತ್ತ ಯೂನಿಟ್‌ ಅನ್ನು ಮತ್ತೆ ಹೊಸದಾಗಿ ತರುವ ಸ್ಟ್ರಾಟಜೆಮ್ ಕೂಡ ಅದರಲ್ಲಿದೆ. ಕ್ರಶರ್ ಸ್ಟಾಂಪೀಡ್‌ ದೈತ್ಯರದು. ಇನ್ವೇಷನ್ ಫ್ಲೀಟ್ ಎಲ್ಲರಿಗೂ ಹೊಂದುವಂಥದ್ದು. ಎದುರಾಳಿಯನ್ನು ನೋಡಿದ ಮೇಲೆ ಪದಾತಿಗಳ ವಿರುದ್ಧವೋ, ಟ್ಯಾಂಕ್ ಮತ್ತು ದೈತ್ಯರ ವಿರುದ್ಧವೋ, ನಾಯಕರ ವಿರುದ್ಧವೋ ಅಂತ ಆಯ್ಕೆ ಮಾಡಬಹುದು. ಮೊದಲ ಬಾರಿಗೆ ಹಿಂಡು ಆಡುವವರು ಅದರಿಂದಲೇ ಶುರು ಮಾಡಿದರೆ ಒಳ್ಳೆಯದು.

ಯೂನಿಟ್ ಆರಿಸುವವರು ಮರೆಯುವ ಒಂದು ವಿಷಯ ಸಮಯ. ಪಂದ್ಯಗಳಲ್ಲಿ ಒಂದು ಆಟಕ್ಕೆ ಸಾಮಾನ್ಯವಾಗಿ ಮೂರು ಗಂಟೆ. ಇಬ್ಬರಿಗೆ ಹಂಚಿದರೆ ಒಬ್ಬರಿಗೆ 90 ನಿಮಿಷ, ಐದು ಸುತ್ತಿಗೆ ಹಂಚಿದರೆ ಸರದಿಗೆ 18 ನಿಮಿಷ. 120 ಗಾಂಟ್‌ಗಳಿದ್ದು ಒಂದೊಂದನ್ನು ಸರಿಸಲು 5 ಸೆಕೆಂಡ್ ಹಿಡಿದರೂ ನಡಿಗೆಗೇ 10 ನಿಮಿಷ ಹೋಯಿತು. ಉಳಿದ ಎಂಟರಲ್ಲಿ ಗುಂಡು, ಚಾರ್ಜ್, ಜಗಳ, ಯೋಚನೆ ಎಲ್ಲ ಮುಗಿಯಬೇಕು. ಐದನೇ ಸುತ್ತು ಆಡಲಾಗದೆ ಹೋದರೆ ಜಾಸ್ತಿ ನಷ್ಟ ಹಿಂಡಿನವರಿಗೇ, ಯಾಕೆಂದರೆ ನಾವು ಗೆಲ್ಲುವುದೇ ಕೊನೆಯಲ್ಲಿ ಜಾಗ ಹಿಡಿದು. ಹಾಗಾಗಿ ಯೂನಿಟ್ ಆರಿಸುವಾಗ ನಿಮ್ಮ ಕೈಯ ವೇಗವನ್ನೂ ಲೆಕ್ಕಕ್ಕೆ ಇಡಿ. 60 ಗಾಂಟ್ ಮತ್ತು ನಾಲ್ಕೈದು ದೊಡ್ಡ ಜೀವಿಗಳು ಇದ್ದರೆ ಆರಾಮಾಗಿ ಆಡಬಹುದು. ಅದಕ್ಕಿಂತ ಜಾಸ್ತಿ ಬೇಕಾದರೆ ಮೂವ್‌ಮೆಂಟ್ ಟ್ರೇ ಇಟ್ಟುಕೊಳ್ಳಿ. ಮೊದಲ ಎರಡು ಸುತ್ತು ಟ್ರೇ ಮೇಲೆ ಸರಿಸಿ, ಆಮೇಲೆ ಬಿಡಿಬಿಡಿಯಾಗಿ.

ಬಣ್ಣದ ಮಾತೂ ಅಷ್ಟೇ. ಬಣ್ಣ ಬಳಿದ ಸೈನ್ಯಕ್ಕೆ ನೂರರಲ್ಲಿ 10 ಪಾಯಿಂಟ್ ಆಟದ ಮುಂಚೆಯೇ ಸಿಗುತ್ತದೆ. ಅರವತ್ತು ಗಾಂಟ್‌ಗಳಿಗೆ ಬಣ್ಣ ಬಳಿಯಲು ತಾಳ್ಮೆ ಬೇಕು. 2019ರಲ್ಲಿ ಬಂದ ಕಾಂಟ್ರಾಸ್ಟ್ ಬಣ್ಣಗಳಿಂದ ಕೆಲಸ ಸುಲಭವಾಗಿದೆ. ಒಂದೇ ಪದರ ಬಳಿದರೆ ತಗ್ಗಿನಲ್ಲಿ ನೆರಳು ತಾನೇ ಕೂರುತ್ತದೆ. ಲೆವಯಥನ್ ಅನ್ನುವ ಟೈರನಿಡ್ ಹಿಂಡಿನ ಎಲುಬು ಬಣ್ಣದ ಮೈ, ನೇರಳೆ ಚಿಪ್ಪು ಆರಿಸಿದರೆ ಎರಡು ಬಣ್ಣದಲ್ಲೇ ಮುಕ್ಕಾಲು ಕೆಲಸ ಮುಗಿದಂತೆ. ನಿಮಗೆ ನೋಡಲು ಇಷ್ಟವಾಗದ ಬೊಂಬೆಯನ್ನು ಬರೀ ಲೆಕ್ಕ ಚೆನ್ನಾಗಿದೆ ಅಂತ ಮೂವತ್ತು ಕೊಂಡುಕೊಳ್ಳಬೇಡಿ. ಅವು ಬಣ್ಣ ಕಾಣದೆ ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಅಷ್ಟರಲ್ಲಿ ಪಾಯಿಂಟ್ ಬೆಲೆಯೂ ಬದಲಾಗಿರುತ್ತದೆ.

ಬೆಲೆ ಏರಿ ಲಿಸ್ಟ್ 2000 ಪಾಯಿಂಟ್‌ನ ಮಿತಿ ದಾಟಿದಾಗ ಯಾವುದನ್ನು ಮೊದಲು ತೆಗೆಯುವುದು ಅಂತ ಗೆಳೆಯರು ಕೇಳುತ್ತಿರುತ್ತಾರೆ. ಬಹಳ ಜನ ಮೊದಲು ತೆಗೆಯುವುದು ಹಿಂದೆ ನಿಂತ ಹತ್ತು ಟರ್ಮಗಾಂಟ್‌ಗಳನ್ನು, ಅವು ಏನೂ ಕೊಲ್ಲುವುದಿಲ್ಲವಲ್ಲ ಅಂತ. ನಾನು ಅವನ್ನು ಕೊನೆಗೆ ಮುಟ್ಟುತ್ತೇನೆ. ಮೊದಲು ಹೋಗುವುದು ಎರಡನೇ ಟೈರನೋಫೆಕ್ಸ್, ಇದ್ದರೆ. ಆಮೇಲೆ ಜೀನ್‌ಸ್ಟೀಲರ್. ಗಾರ್ಗಾಯ್ಲ್ ಎರಡು ಯೂನಿಟ್ ಇದ್ದರೆ ಒಂದಾದರೂ ಉಳಿಯಬೇಕು. ಜೋವನ್‌ತ್ರೋಪ್‌ಗೆ ಕೈ ಹಾಕುವ ಮುಂಚೆ ಹೈವ್ ಟೈರಂಟ್‌ ಅನ್ನೇ ತೆಗೆದು, ಅದು ಬಿಟ್ಟುಹೋದ ಪಾಯಿಂಟ್‌ನಲ್ಲಿ ಇನ್ನೊಂದು ಇಪ್ಪತ್ತು ಗಾಂಟ್ ಹಿಡಿಯುತ್ತದಾ ಅಂತ ನೋಡುತ್ತೇನೆ. ಬಹಳ ಸಲ ಹಿಡಿಯುತ್ತದೆ.